ಬೀಪ್ ಅಂದಿತು, ಅರ್ಥ್ ಸರಿಯಿದೆ ಅಂದೆ

ಬೆಳಗಿನ ಜಾವ ನಾಲ್ಕು ಗಂಟೆಗೆ ಊರಿಂದ ಅಪ್ಪನ ಫೋನ್ ಬಂದರೆ ಹಾಸ್ಟೆಲ್‌ನಲ್ಲಿ ಮಲಗಿದವನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಹೋದ ಜುಲೈನಲ್ಲಿ ನನಗೆ ಹಾಗೇ ಆಯಿತು.

‘ಏನಿಲ್ಲ ಕಣಪ್ಪ, ಗಾಡಿ ನಿಂತೋಯ್ತು. ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗ್ತಿಲ್ಲ. ನಿನಗೇನಾದ್ರೂ ಗೊತ್ತಾಗ್ತದಾ ಅಂತ ಮಾಡ್ದೆ’ ಅಂದ ಅಪ್ಪ.

ಗಾಡಿ ಅಂದರೆ ನಮ್ಮ ಪಿಕಪ್. 2018ರ ಅಕ್ಟೋಬರ್‌ನಲ್ಲಿ ಸಾಲ ಮಾಡಿ ತಗೊಂಡಿದ್ದು, ಬಿಎಸ್ 4 ಮಾಡೆಲ್. ಕಂಪನಿಯ ಹೆಸರು ಇಲ್ಲಿ ಬೇಡ, ಈ ಕತೆಯಲ್ಲಿ ಅದರ ತಪ್ಪೇನೂ ಇಲ್ಲ. ಶ್ರೀನಿವಾಸಪುರದ ಕಡೆಯ ನಮ್ಮ ಊರು, ಸುತ್ತಲಿನ ನಾಲ್ಕೈದು ಹಳ್ಳಿಗಳ ಟೊಮೆಟೊವನ್ನು ಕೋಲಾರದ ಎಪಿಎಂಸಿಗೆ ಹೊಡೆಯುವುದು ಅಪ್ಪನ ಕೆಲಸ. ಮಾವಿನ ಕಾಲದಲ್ಲಿ ಮಾವು, ಉಳಿದಂತೆ ಟೊಮೆಟೊ. ನನ್ನ ಸೆಮಿಸ್ಟರ್ ಫೀಸು, ಹಾಸ್ಟೆಲ್ ಬಿಲ್ಲು, ತಂಗಿಯ ಪಿಯು ಟ್ಯೂಷನ್ ಎಲ್ಲವೂ ಆ ನಾಲ್ಕು ಚಕ್ರದ ಮೇಲೇ ಉರುಳುತ್ತಿವೆ.

ಅವತ್ತು ಗಾಡಿಯಲ್ಲಿ 90 ಬಾಕ್ಸ್ ಇದ್ದವು. ಬಾಕ್ಸಿಗೆ 15 ಕೆ.ಜಿ. ಹರಾಜಿಗೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಬೆಲೆ ಎಲ್ಲಿಗಿಳಿಯುತ್ತದೋ ಯಾರಿಗೂ ಗೊತ್ತಿಲ್ಲ. ನಾನು ಹಾಸಿಗೆಯಲ್ಲೇ ಕೂತು, ‘ಡೀಸೆಲ್ ಇದೆಯಾ ನೋಡು’ ಅಂದೆ. ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸುತ್ತಿರುವವನಿಗೆ ನಾನು ಕೊಟ್ಟ ಮೊದಲ ತಾಂತ್ರಿಕ ಸಲಹೆ ಅದು! ಅಪ್ಪ ‘ಹೂಂ, ಐತೆ’ ಅಂದು ಫೋನ್ ಇಟ್ಟ. ಮತ್ತೊಂದು ಗಾಡಿ ಕರೆಸಿ ಬಾಕ್ಸ್ ದಾಟಿಸಿ ಮಾರ್ಕೆಟ್ ಸೇರುವಷ್ಟರಲ್ಲಿ ಒಳ್ಳೆ ಬೆಲೆಯ ಹರಾಜು ಮುಗಿದಿತ್ತು.

ನಾನು ಮಧ್ಯಾಹ್ನದ ಹೊತ್ತಿಗೆ ಊರಿಗೆ ಹೋದೆ. ಗಾಡಿಯನ್ನು ಟೋ ಮಾಡಿ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದರು. ಮೇಸ್ತ್ರಿ ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದ್ದರು. ಪರದೆಯ ಮೇಲೆ ‘ನೋ ಕಮ್ಯುನಿಕೇಷನ್’ ಅಂತ ಬರುತ್ತಿತ್ತು. ಕೀ ಆನ್ ಮಾಡಿದರೆ ಮೀಟರಿನಲ್ಲಿ ಹತ್ತಬೇಕಾದ ಇಂಜಿನ್ ಚೆಕ್ ಲೈಟೂ ಹತ್ತುತ್ತಿರಲಿಲ್ಲ.

‘ಅಣ್ಣಾ, ಇಸಿಎಂ ಹೋಗೈತೆ’ ಅಂದರು ಮೇಸ್ತ್ರಿ.

ಹಳೇ ಡೀಸೆಲ್ ಗಾಡಿಗಳಿಗೆ ಕರೆಂಟು ಬೇಕಾಗುತ್ತಿದ್ದದ್ದು ಸೆಲ್ಫ್ ಹೊಡೆಯಲು, ಲೈಟಿಗೆ, ಹಾರ್ನಿಗೆ. ಇಳಿಜಾರಿನಲ್ಲಿ ದಬ್ಬಿ ಸ್ಟಾರ್ಟ್ ಮಾಡಿದರೆ ಸತ್ತ ಬ್ಯಾಟರಿ ಇಟ್ಟುಕೊಂಡೂ ಊರು ಸೇರಬಹುದಿತ್ತು. ಈಗಿನ ಕಾಮನ್ ರೈಲ್ ಇಂಜಿನ್ ಹಾಗಲ್ಲ. ಪಂಪು ಡೀಸೆಲ್ಲನ್ನು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡಕ್ಕೆ ಏರಿಸಿ ಒಂದು ಕೊಳವೆಯಲ್ಲಿ ತುಂಬಿಡುತ್ತದೆ. ಯಾವ ಇಂಜೆಕ್ಟರ್ ಯಾವ ಗಳಿಗೆಯಲ್ಲಿ ಬಾಯಿ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಹೇಳುವುದು ಇಸಿಎಂ, ಅಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಈ ಪೆಟ್ಟಿಗೆ ಸೆಕೆಂಡಿಗೆ 66 ಸಲ ಈ ಲೆಕ್ಕ ಹಾಕಬೇಕು. ಪ್ರತಿ ಸಲ ಇಂಜೆಕ್ಟರ್ ತೆರೆದಿರುವುದು ಒಂದು ಮಿಲಿಸೆಕೆಂಡಿನ ಆಚೀಚೆ. ಕ್ರ್ಯಾಂಕ್ ಎಲ್ಲಿದೆ, ರೈಲಿನಲ್ಲಿ ಒತ್ತಡ ಎಷ್ಟಿದೆ, ಕಾಲು ಪೆಡಲ್ಲನ್ನು ಎಷ್ಟು ಒತ್ತಿದೆ ಎಂದು ಹೇಳಲು ಸೆನ್ಸರ್‌ಗಳಿವೆ. ಅವಕ್ಕೆ ಬೇಕಾದ 5 ವೋಲ್ಟನ್ನೂ ಇದೇ ಕೊಡುತ್ತದೆ. ಇದು ಮಲಗಿದರೆ ಉಳಿದದ್ದೆಲ್ಲ ಗಟ್ಟಿಮುಟ್ಟಾಗಿದ್ದೂ ಗಾಡಿ ಬರೀ ಕಬ್ಬಿಣ.

ಇಷ್ಟನ್ನೂ ನಾನು ಅವತ್ತು ಗ್ಯಾರೇಜಿನಲ್ಲಿ ಅಪ್ಪನಿಗೆ, ಮೇಸ್ತ್ರಿಗೆ, ಟೀ ತಂದ ಹುಡುಗನಿಗೆ ಉಪನ್ಯಾಸ ಮಾಡಿದೆ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವ ಮಗ ಊರಿಗೆ ಬಂದಿದ್ದಾನೆ, ಬ್ಯಾಗಿನಲ್ಲಿ ಸ್ವಂತ ಮಲ್ಟಿಮೀಟರ್ ಬೇರೆ ಇದೆ. ನನ್ನ ರೆಸ್ಯೂಮೆಯಲ್ಲಿ ‘ಆಟೊಮೋಟಿವ್ ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ’ ಎಂಬ ಸಾಲೂ ಇತ್ತು. ಮೇಸ್ತ್ರಿ ತಾಳ್ಮೆಯ ಮನುಷ್ಯ. ‘ಹಂಗಾದ್ರೆ ನೀನೇ ಒಂದ್ಸಲ ನೋಡ್ಬಿಡಪ್ಪ. ಬಾಕ್ಸ್ ಬದಲಾಯ್ಸೋಕೆ ಮುಂಚೆ ಸಪ್ಲೈ, ಅರ್ಥ್ ಎರಡೂ ನೋಡ್ಬೇಕು’ ಅಂದರು.

ನೋಡಿದೆ. ಫ್ಯೂಸ್ ಸರಿಯಿತ್ತು. ಮೇನ್ ರಿಲೇ ಟಕ್ ಅನ್ನುತ್ತಿತ್ತು. ಇಸಿಎಂ ಕಪ್ಲರ್ ಬಿಚ್ಚಿ ಸಪ್ಲೈ ಪಿನ್‌ಗಳಿಗೆ ಮುಟ್ಟಿಸಿದರೆ 12.4 ವೋಲ್ಟ್. ಕ್ಯಾನ್ ವೈರುಗಳನ್ನೂ ನೋಡಿದೆ. ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಹೆಣೆದ ಜೋಡಿ ವೈರು ಅದು, ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಇರುತ್ತವೆ. ಎಲ್ಲ ಸರಿಯಿದ್ದರೆ ಮೀಟರ್ 60 ತೋರಿಸಬೇಕು. ಇಸಿಎಂ ಬಿಚ್ಚಿದ್ದರಿಂದ 120 ತೋರಿಸಿತು. ಒಂದು ತುದಿ ಆ ಪೆಟ್ಟಿಗೆಯೊಳಗೇ ಇತ್ತಲ್ಲ, ಹಾಗಾಗಿ ಅದೂ ಲೆಕ್ಕಕ್ಕೆ ಸರಿ. ಕೊನೆಗೆ ಅರ್ಥ್. ಮೀಟರನ್ನು ಕಂಟಿನ್ಯುಟಿಗೆ ತಿರುಗಿಸಿ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿಗೆ ಇಟ್ಟೆ. ಬೀಪ್. ಅರ್ಥ್ ಪಿನ್ನುಗಳಿಗೆ ಇಟ್ಟೆ. ಬೀಪ್.

‘ಅರ್ಥ್ ಸರಿಯಿದೆ. ಬಾಕ್ಸೇ ಹೋಗಿರೋದು’ ಅಂದೆ. ಮೇಸ್ತ್ರಿ ತಲೆಯಾಡಿಸಿದರು. ಓದಿದ ಹುಡುಗ, ಸ್ವಂತ ಗಾಡಿ, ಇನ್ನೇನು ಹೇಳಿಯಾರು?

ನಾನು ಹೇಳಿದ್ದು ಅರ್ಧ ನಿಜವಾಗಿತ್ತು. ಬಾಕ್ಸ್ ನಿಜಕ್ಕೂ ಹೋಗಿತ್ತು.

ಶೋರೂಮಿನಲ್ಲಿ ಹೊಸ ಇಸಿಎಂಗೆ ಪ್ರೋಗ್ರಾಮಿಂಗ್ ಸೇರಿ ಐವತ್ತು ಸಾವಿರದ ಮೇಲೆ ಹೇಳಿದರು. ಬರಲು ಎರಡು ವಾರ. ಟೊಮೆಟೊ ಸೀಸನ್‌ನಲ್ಲಿ ಎರಡು ವಾರ ಗಾಡಿ ನಿಂತರೆ ರೈತರು ಬೇರೆ ಗಾಡಿ ಹಿಡಿಯುತ್ತಾರೆ, ಹಿಡಿದವರು ಎಲ್ಲರೂ ವಾಪಸ್ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ತಂದರೆ ಕೋಡಿಂಗ್ ಮಾಡಿಕೊಡುತ್ತೀರಾ ಅಂತ ಕೇಳಿದೆ, ಆಗಲ್ಲ ಅಂದರು. ಕೊಂಡವನಿಗೆ ತನ್ನ ವಸ್ತುವನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿರಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರಿ’ಗೆ ಸಮಿತಿ ಮಾಡಿ, ಒಂದು ಪೋರ್ಟಲ್ಲನ್ನೂ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ನಮ್ಮ ಕೌಂಟರಿನವರೆಗೆ ಅದು ಬಂದಿರಲಿಲ್ಲ.

ಉಳಿದದ್ದು ಬೆಂಗಳೂರಿನ ಜೆ.ಸಿ. ರಸ್ತೆ. ವಾಹನಗಳ ಬಿಡಿಭಾಗ ಬೇಕು ಅಂದರೆ ಯಾರು ಬೇಕಾದರೂ ಆ ಕಡೆಗೇ ಕೈ ತೋರಿಸುತ್ತಾರೆ. ನನಗೆ ಅಲ್ಲಿಗಿಂತ ಹತ್ತಿರದ ಎಸ್.ಪಿ. ರಸ್ತೆ ಹೆಚ್ಚು ಪರಿಚಯ. ಮಿನಿ ಪ್ರಾಜೆಕ್ಟ್‌ಗೆ ಸೆನ್ಸರ್, ಆರ್ಡಿನೊ ಬೋರ್ಡು ಅಂತ ಎಲ್ಲ ಇಂಜಿನಿಯರಿಂಗ್ ಹುಡುಗರೂ ಅಲ್ಲಿ ಅಲೆದವರೇ. ಜೆ.ಸಿ. ರಸ್ತೆಯಲ್ಲಿ ಐದಾರು ಅಂಗಡಿ ಸುತ್ತಿದ ಮೇಲೆ, ಅಪಘಾತವಾದ ಗಾಡಿಯಿಂದ ಬಿಚ್ಚಿದ ಒಂದು ಇಸಿಎಂ ಸಿಕ್ಕಿತು. ಪೆಟ್ಟಿಗೆ ಒಂದೇ ಥರ ಇದ್ದರೆ ಸಾಲದು, ಸ್ಟಿಕ್ಕರಿನ ಮೇಲಿನ ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು. ಕಡೆಯ ಎರಡು ಅಂಕಿ ಬೇರೆಯಾದರೂ ಒಳಗಿನ ಸಾಫ್ಟ್‌ವೇರ್ ಬೇರೆ ಇಂಜಿನ್ನಿನದಾಗಿರಬಹುದು. ಹೊಂದುವುದು ಸಿಕ್ಕಿದ್ದು 17,000ಕ್ಕೆ.

ಅದನ್ನು ಹಾಗೇ ತಂದು ಸಿಕ್ಕಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಸಿಎಂಗೆ ತನ್ನ ಗಾಡಿಯ ನೆನಪಿರುತ್ತದೆ. ಚಾಸಿಸ್ ನಂಬರ್, ಯಾವ ಕೀಗೆ ಸ್ಟಾರ್ಟ್ ಆಗಬೇಕು ಅನ್ನುವ ಗುಟ್ಟು, ಪ್ರತಿ ಇಂಜೆಕ್ಟರಿನ ಕೋಡು ಎಲ್ಲ ಅದರಲ್ಲಿ ಬರೆದಿರುತ್ತದೆ. ಇಂಜೆಕ್ಟರಿಗೇಕೆ ಕೋಡು ಅಂದರೆ, ಒಂದೇ ಅಚ್ಚಿನ ನಾಲ್ಕು ಇಂಜೆಕ್ಟರುಗಳೂ ಕೂದಲೆಳೆಯಷ್ಟು ಬೇರೆ ಬೇರೆ ಡೀಸೆಲ್ ಬಿಡುತ್ತವೆ. ಕಾರ್ಖಾನೆಯಲ್ಲೇ ಅಳೆದು, ಆ ವ್ಯತ್ಯಾಸವನ್ನು ಒಂದು ಕೋಡಾಗಿ ಮೈಮೇಲೆ ಕೊರೆದಿರುತ್ತಾರೆ. ಅದು ಗೊತ್ತಿದ್ದರೆ ಇಸಿಎಂ ಒಬ್ಬೊಬ್ಬರಿಗೂ ತಕ್ಕ ಲೆಕ್ಕ ಹಾಕುತ್ತದೆ. ಹಾಗಾಗಿ ಸತ್ತ ಪೆಟ್ಟಿಗೆಯ ನೆನಪನ್ನು ತೆಗೆದು ಬದಲಿ ಪೆಟ್ಟಿಗೆಗೆ ತುಂಬಬೇಕು. ಕ್ಲೋನಿಂಗ್ ಅನ್ನುತ್ತಾರೆ.

ಆ ಕೆಲಸ ಮಾಡುವವರು ಅದೇ ಕಡೆಯ ಒಂದು ಮಹಡಿಯ ಮೇಲೆ ಎರಡು ಕೋಣೆಯ ಅಂಗಡಿ ಇಟ್ಟುಕೊಂಡಿದ್ದಾರೆ. ಐವತ್ತರ ಆಸುಪಾಸಿನವರು, ಮಾತು ಕಮ್ಮಿ. ನಮ್ಮ ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದು, ಬೋರ್ಡಿಗೆ ನೇರವಾಗಿ ಸಣ್ಣ ವೈರುಗಳನ್ನು ಕೊಟ್ಟು, ಲ್ಯಾಪ್‌ಟಾಪಿಗೆ ಹಚ್ಚಿದರು. ಪೆಟ್ಟಿಗೆ ಸತ್ತಿದ್ದರೂ ಮೆಮೊರಿ ಚಿಪ್ ಬದುಕಿತ್ತು. ಪರದೆಯ ಮೇಲೆ ಹೆಕ್ಸ್ ಅಂಕಿಗಳು ಸಾಲುಸಾಲಾಗಿ ಓಡಿದವು. ಒಂದು ಕಡೆ 4ಡಿ, 41 ಕಾಣಿಸಿತು. ಆಸ್ಕಿಯಲ್ಲಿ ಅವು ಎಂ ಮತ್ತು ಎ. ನಮ್ಮ ದೇಶದ ಎಷ್ಟೋ ಗಾಡಿಗಳ ಚಾಸಿಸ್ ನಂಬರ್ ಶುರುವಾಗುವುದೇ ಹಾಗೆ. ಮುಂದಿನ ಅಕ್ಷರಗಳನ್ನು ಆರ್‌ಸಿ ಕಾರ್ಡ್ ಜೊತೆ ಹೋಲಿಸಿದೆ. ಅಪ್ಪನ ಗಾಡಿಯದೇ ನಂಬರ್. ಮೂರನೇ ಸೆಮಿಸ್ಟರ್‌ನಲ್ಲಿ ಆಕಳಿಸುತ್ತಾ ಬರೆದುಕೊಂಡಿದ್ದ ಹೆಕ್ಸಾಡೆಸಿಮಲ್ ನನ್ನ ಮನೆಯ ಅನ್ನದ ಹೆಸರನ್ನು ಹೇಳುತ್ತಿತ್ತು. ಫೋಟೊ ತೆಗೆದುಕೊಳ್ಳಲೇ ಅಂತ ಕೇಳಿದೆ, ಬೇಡ ಅಂದರು.

ಕ್ಲೋನಿಂಗ್‌ಗೆ 5,000. ಪೆಟ್ಟಿಗೆ ಕೊಡುವಾಗ ಒಂದೇ ಮಾತು ಕೇಳಿದರು. ‘ಅರ್ಥ್ ಎಲ್ಲ ನೋಡಿದ್ದೀರಾ?’

‘ನೋಡಿದ್ದೀನಿ ಸರ್’ ಅಂದೆ.

ಮಾರನೆಯ ದಿನ ಬೆಳಿಗ್ಗೆ ಬ್ಯಾಟರಿ ಮೈನಸ್ ಬಿಚ್ಚಿ, ಪೆಟ್ಟಿಗೆ ಕೂರಿಸಿ, ಕಪ್ಲರ್‌ನ ಲಾಕ್ ಒತ್ತಿ, ಮೈನಸ್ ವಾಪಸ್ ಹಾಕಿದೆವು. ಕೀ ಆನ್ ಮಾಡಿದ ಕೂಡಲೇ ಚೆಕ್ ಲೈಟ್ ಹತ್ತಿತು. ಅಪ್ಪ ಸೆಲ್ಫ್ ಹೊಡೆದ. ಎರಡು ಸುತ್ತು ಎಳೆದಂತೆ ಮಾಡಿ ಇಂಜಿನ್ ಎದ್ದಿತು. ಅಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟಳು. ನಾನು ಬೋರ್ಡಿನ ಫೋಟೊ ಇಲ್ಲದಿದ್ದರೇನು ಅಂತ ಗಾಡಿಯದೇ ಫೋಟೊ ಹಾಕಿ ‘ಇಸಿಎಂ ರಿಪ್ಲೇಸ್ಡ್’ ಅಂತ ಸ್ಟೇಟಸ್ ಇಟ್ಟೆ. ಕ್ಲಾಸಿನವರಿಂದ ಬೆಂಕಿ ಚಿತ್ರಗಳ ಸುರಿಮಳೆ.

ಈಗ ಬರೆಯುವಾಗ ಕೈ ನಿಲ್ಲುವುದು ಆ ‘ಎರಡು ಸುತ್ತು ಎಳೆದಂತೆ’ ಅನ್ನುವ ಮಾತಿನ ಹತ್ತಿರ. ಅಪ್ಪ ಏಪ್ರಿಲ್‌ನಲ್ಲೇ ಹೇಳಿದ್ದ, ‘ಯಾಕೋ ಸೆಲ್ಫ್ ಎಳೀತದೆ, ಮೊದಲಿನ ಥರ ಇಲ್ಲ’ ಅಂತ. ಬ್ಯಾಟರಿ ಹಳೆಯದಾಗಿದೆ, ಬದಲಾಯಿಸು ಅಂತ ನಾನೇ ಫೋನಿನಲ್ಲಿ ಹೇಳಿದ್ದೆ. 5,800 ಕೊಟ್ಟು ಬದಲಾಯಿಸಿದ. ಒಂದು ವಾರ ಚೆನ್ನಾಗಿತ್ತಂತೆ, ಆಮೇಲೆ ಮತ್ತೆ ಹಾಗೇ. ಮತ್ತೆ ನನಗೆ ಹೇಳಲಿಲ್ಲ. ದಿನಾ ಗಾಡಿ ಹತ್ತುವವನ ಕಿವಿಗಿಂತ ದೊಡ್ಡ ಸ್ಕ್ಯಾನರ್ ಇನ್ನೊಂದಿಲ್ಲ. ಆದರೆ ಅದರಲ್ಲಿ ಬರುವ ಕೋಡು ನಮ್ಮಂಥವರಿಗೆ ಓದಲು ಬರುವುದಿಲ್ಲ.

ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ನನಗೆ ಇಂಟರ್ನಲ್ಸ್. ಸಂಜೆ ಅಮ್ಮ ಫೋನ್ ಮಾಡಿದಳು. ಅಪ್ಪ ಮಾಡಲಿಲ್ಲ. ‘ಅದೇ ಥರ ನಿಂತೋಗೈತಂತೆ. ಪರೀಕ್ಷೆ ಮುಗೀಲಿ, ಹೇಳ್ಬೇಡ ಅಂದ್ರು’ ಅಂದಳು. ಆಮೇಲೆ ದನಿ ತಗ್ಗಿಸಿ, ‘ಬಡ್ಡಿಗೆ ತಂದ ದುಡ್ಡು ಕಣೋ ಅದು’ ಅಂತ ಸೇರಿಸಿದಳು. 17,000 ಎಲ್ಲಿಂದ ಬಂತು ಅಂತ ನಾನು ಕೇಳಿಯೇ ಇರಲಿಲ್ಲ.

ಎರಡೂ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮಹಡಿ ಮೇಲಿನ ಅಂಗಡಿಗೆ ಹೋದೆ. ಸೆಕೆಂಡ್ ಹ್ಯಾಂಡ್ ಮಾಲು, ಮೋಸ ಮಾಡಿದ್ದಾರೆ ಅಂತ ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಏನೂ ಮಾತಾಡದೆ ಎರಡನೆಯದರ ಮುಚ್ಚಳ ತೆಗೆದರು. ಬೋರ್ಡನ್ನು ಹಳೆಯದರ ಪಕ್ಕದಲ್ಲಿಟ್ಟು, ಲೆನ್ಸ್ ಇರುವ ದೀಪ ಎಳೆದು, ‘ನೋಡಿ’ ಅಂದರು. ಎರಡರಲ್ಲೂ ಕಪ್ಲರಿನ ಒಂದೇ ಪಿನ್ನಿನ ಹತ್ತಿರ ಒಂದೇ ತಾಮ್ರದ ಟ್ರ್ಯಾಕ್ ಸುಟ್ಟು ಕಂದು ಬಣ್ಣಕ್ಕೆ ತಿರುಗಿ ಮೇಲೆದ್ದಿತ್ತು. ಅರ್ಥ್ ಟ್ರ್ಯಾಕ್. ಮೊದಲನೆಯದನ್ನು ತೆರೆದ ದಿನವೂ ಅದು ಅಲ್ಲೇ ಇತ್ತು. ನಾನು ಹೆಕ್ಸ್ ನೋಡುತ್ತಾ ಕೂತಿದ್ದೆ.

‘ಬಾಕ್ಸ್ ತಾನಾಗಿ ಸಾಯಲಿಲ್ಲ. ಗಾಡಿ ಸಾಯಿಸ್ತಿದೆ. ಅರ್ಥ್ ಹೆಂಗೆ ಚೆಕ್ ಮಾಡಿದ್ರಿ?’

‘ಮಲ್ಟಿಮೀಟರಿನಲ್ಲಿ ಸರ್. ಕಂಟಿನ್ಯುಟಿ ಬಂತು. ಬೀಪ್ ಅಂತು.’

ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ‘ಸೆಲ್ಫ್ ಎಷ್ಟು ಆಂಪಿಯರ್ ಎಳೀತದೆ?’ ಅಂತ ಕೇಳಿದರು. ಇನ್ನೂರರ ಹತ್ತಿರ ಅಂದೆ. ‘ಮೀಟರ್ ಬೀಪ್ ಅನ್ನುವಾಗ ಎಷ್ಟು ಆಂಪಿಯರ್ ಕಳಿಸ್ತದೆ?’

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಮೊದಲ ಸೆಮಿಸ್ಟರಿನ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ನನಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಮೀಟರ್ ಕಳಿಸುವುದು ಮಿಲಿಆಂಪಿಯರ್ ಲೆಕ್ಕದಲ್ಲಿ. ದಾರಿಯಲ್ಲಿ ಹತ್ತಿಪ್ಪತ್ತು ಓಮ್ ಇದ್ದರೂ ಬಹಳಷ್ಟು ಮೀಟರುಗಳು ಬೀಪ್ ಅನ್ನುತ್ತವೆ. ಓಮ್‌ಗೆ ತಿರುಗಿಸಿದರೂ ಪ್ರಯೋಜನವಿಲ್ಲ, ಅದರ ಕಡ್ಡಿ ವೈರುಗಳದ್ದೇ ಒಂದೆರಡು ಪಾಯಿಂಟ್ ರೆಸಿಸ್ಟೆನ್ಸ್ ಇರುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಚಿಕ್ಕದು. ಅರ್ಥ್ ಜೋಡಣೆಯಲ್ಲಿ ಬರೀ 0.01 ಓಮ್ ಇದ್ದರೂ 200 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಆ ಒಂದು ಬೋಲ್ಟಿನ ಬುಡದಲ್ಲಿ 400 ವ್ಯಾಟ್ ಶಾಖ. ಓಮನ ನಿಯಮವನ್ನು ನಾನು ಎಷ್ಟು ಸಲ ಬರೆದಿದ್ದೆನೋ, ಆದರೆ ಬೋಲ್ಟಿನ ಮೇಲೆ ಇಟ್ಟು ನೋಡಿರಲಿಲ್ಲ.

ಇಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಹಾಗಾಗಿ ಸೆಲ್ಫ್ ಮೋಟರಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರಬೇಕಾದರೆ ಇಂಜಿನ್ನಿನಿಂದ ಚಾಸಿಸ್‌ಗೆ ಕಟ್ಟಿದ ದಪ್ಪ ಅರ್ಥ್ ಪಟ್ಟಿಯೇ ದಾರಿ. ಆ ದಾರಿ ಕಟ್ಟಿಕೊಂಡರೆ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಸಂದಿಗೊಂದಿ ಹುಡುಕುತ್ತದೆ. ನಮ್ಮ ಗಾಡಿಯ ಇಸಿಎಂಗೆ ಒಂದು ಅರ್ಥ್ ಇಂಜಿನ್ನಿನಲ್ಲಿದೆ, ಇನ್ನೊಂದು ಬಾಡಿಯಲ್ಲಿದೆ. ದಪ್ಪ ಪಟ್ಟಿಯಲ್ಲಿ ಹೋಗಬೇಕಾದ ಕರೆಂಟಿನ ಒಂದು ಪಾಲು ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಪೆಟ್ಟಿಗೆಯೊಳಗಿನ ತೆಳು ಟ್ರ್ಯಾಕಿನ ಮೇಲೆ ಹಾದುಹೋಗುತ್ತಿತ್ತು. ಹೆದ್ದಾರಿ ಮುಚ್ಚಿದರೆ ಲಾರಿಗಳೆಲ್ಲ ಊರೊಳಗಿನ ಓಣಿಗೆ ನುಗ್ಗುವ ಹಾಗೆ. ಆಲ್ಟರ್ನೇಟರ್ ಚಾರ್ಜ್ ಮಾಡುವುದೂ ಅದೇ ಪಟ್ಟಿಯ ಮೇಲೆ. ಹೊಸ ಬ್ಯಾಟರಿ ಒಂದೇ ವಾರಕ್ಕೆ ಸೊರಗಿದ್ದು ಅದಕ್ಕೇ.

‘ಸೆಲ್ಫ್ ಹೊಡಿಸ್ತಾ ಬ್ಯಾಟರಿ ಮೈನಸ್‌ಗೂ ಇಂಜಿನ್ ಬ್ಲಾಕ್‌ಗೂ ಮಧ್ಯೆ ವೋಲ್ಟ್ ನೋಡಿ. ಆಮೇಲೆ ಫೋನ್ ಮಾಡಿ. ಅಲ್ಲಿವರೆಗೂ ನಾನು ಇದನ್ನ ಮುಟ್ಟಲ್ಲ’ ಅಂದು ಎರಡೂ ಪೆಟ್ಟಿಗೆಗಳನ್ನು ಇಟ್ಟುಕೊಂಡರು.

ಭಾನುವಾರ ಊರಿನ ಗ್ಯಾರೇಜ್. ಇಸಿಎಂ ಇಲ್ಲದಿದ್ದರೂ ನಮ್ಮ ಗಾಡಿಯಲ್ಲಿ ಸೆಲ್ಫ್ ತಿರುಗುತ್ತದೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟೆ, ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಇಂಜಿನ್ನಿನ ಬರಿ ಲೋಹದ ಮೇಲೆ. ‘ಅಪ್ಪ, ಹೊಡಿ’ ಅಂದೆ. 2.4. ಕಾಲು ವೋಲ್ಟು ದಾಟಬಾರದ ಕಡೆ ಎರಡೂವರೆ ವೋಲ್ಟ್. ಮೇಸ್ತ್ರಿ ಜಂಪರ್ ಕೇಬಲ್ ತಂದು ಇಂಜಿನ್ನಿನಿಂದ ನೇರ ಬ್ಯಾಟರಿ ಮೈನಸ್‌ಗೆ ಕಚ್ಚಿಸಿದರು. ಮತ್ತೆ ಹೊಡೆದರೆ ಸೆಲ್ಫ್ ಹೊಸ ಗಾಡಿಯ ಹಾಗೆ ಗಿರ್ರನೆ ತಿರುಗಿತು. ಅಪ್ಪ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, ‘ಹಾಂ, ಇದು! ಮೊದಲು ಹಿಂಗಿತ್ತು’ ಅಂದ.

ಮೇಸ್ತ್ರಿ ಗಾಡಿಯ ಅಡಿಗೆ ಹೋದರು. ನಾನೂ ತೂರಿದೆ. ಪಟ್ಟಿಯ ಬೋಲ್ಟ್ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ತಟ್ಟಿ, ಬಿಚ್ಚಿ ಪಟ್ಟಿಯ ತುದಿಯನ್ನು ಎತ್ತಿದರು. ಅದರ ಕೆಳಗೆ ಚಾಸಿಸ್ ಮೇಲೆ ನುಣ್ಣಗೆ, ಉಂಗುರದ ಆಕಾರದಲ್ಲಿ, ಕಪ್ಪು ಪೇಂಟ್.

ನನಗೆ ಆ ಪೇಂಟ್ ಗೊತ್ತಿತ್ತು.

2024ರ ದಸರಾ ರಜೆ. ಅಕ್ಟೋಬರ್‌ನಲ್ಲಿ ಗಾಡಿಗೆ ಎಫ್‌ಸಿ ಇತ್ತು. ಸಾಗಣೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಎಫ್‌ಸಿಗೆ ಮುಂಚೆ ಎಲ್ಲರೂ ಗಾಡಿಯನ್ನು ತೊಳೆದು ಪೇಂಟ್ ಹೊಡೆಸುತ್ತಾರೆ. ಕೂಲಿ ಉಳಿಯಲಿ ಅಂತ ನಾನೇ ಹೊಡೆಯುತ್ತೇನೆ ಅಂದಿದ್ದೆ. ಎರಡು ದಿನ ಗಾಡಿಯ ಅಡಿಯಲ್ಲಿ ಮಲಗಿ ಚಾಸಿಸ್‌ಗೆಲ್ಲ ಕಪ್ಪು ಬಳಿದೆ. ಅಡ್ಡ ಬಂದ ಪಟ್ಟಿಯನ್ನು ಬಿಚ್ಚಿದೆ. ಅದರ ಜಾಗ ಬೆಳ್ಳಗೆ ಕಾಣುತ್ತದಲ್ಲ, ಅಲ್ಲಿಗೂ ಒಂದು ಕೋಟ್ ಕೊಟ್ಟೆ. ಒಣಗಿದ ಮೇಲೆ ಪಟ್ಟಿಯನ್ನು ಮತ್ತೆ ಕೂರಿಸಿ ಬೋಲ್ಟ್ ಬಿಗಿ ಮಾಡಿದೆ. ಪೇಂಟ್ ಇನ್ಸುಲೇಟರ್ ಅಂತ ಗೊತ್ತಿಲ್ಲದ ವಯಸ್ಸೇನೂ ಅಲ್ಲ, ಆಗ ಮೂರನೇ ಸೆಮಿಸ್ಟರ್. ಬೋಲ್ಟಿನ ಮರೆಗಳಲ್ಲಿ ಲೋಹಕ್ಕೆ ಲೋಹ ಮುಟ್ಟುತ್ತಿದ್ದರಿಂದ ಆರು ತಿಂಗಳು ಹೇಗೋ ನಡೆದಿದೆ. ಕೆಸರು, ಮಳೆ, ತುಕ್ಕು ಸೇರಿ ಆ ದಾರಿಯೂ ಸಣ್ಣಗಾಗಿದೆ.

‘ಯಾರಣ್ಣ ಇದ್ರ ಮೇಲೂ ಪೇಂಟ್ ಹೊಡ್ದಿರೋದು?’ ಅಂದರು ಮೇಸ್ತ್ರಿ ಅಡಿಯಿಂದಲೇ.

ಅಪ್ಪ ಗಾಡಿಯ ಪಕ್ಕದಲ್ಲಿ ನಿಂತಿದ್ದ. ನನಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ‘ಎಫ್‌ಸಿಗೆ ಹೊಡ್ಸಿದ್ದು. ಯಾವನೋ ಹೊಡ್ದಿರ್ತಾನೆ ಬಿಡಪ್ಪ’ ಅಂದ.

ಅಡಿಯಿಂದ ಹೊರಗೆ ಬರಲು ನನಗೆ ಒಂದಿಷ್ಟು ಹೊತ್ತು ಬೇಕಾಯಿತು. ಬಂದ ಮೇಲೆ ಮೇಸ್ತ್ರಿಗೆ, ‘ನಾನೇ ಅಣ್ಣ ಹೊಡೆದದ್ದು’ ಅಂದೆ. ಅವರು ನನ್ನನ್ನು ನೋಡಿ, ಅಪ್ಪನನ್ನು ನೋಡಿ, ಎಮೆರಿ ಕಾಗದ ತರಲು ಹುಡುಗನನ್ನು ಕೂಗಿದರು.

ಎಮೆರಿಯಲ್ಲಿ ನಾನೇ ಉಜ್ಜಿದೆ, ಲೋಹ ಹೊಳೆಯುವವರೆಗೆ. ಪಟ್ಟಿಯ ತುದಿಯನ್ನೂ ಉಜ್ಜಿ, ಹೊಸ ಬೋಲ್ಟ್ ಹಾಕಿ ಬಿಗಿ ಮಾಡಿ, ಅದಾದ ಮೇಲೆ ತುಕ್ಕು ಹಿಡಿಯದಂತೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆವು. ಮೇಸ್ತ್ರಿ ತಮ್ಮ ಸಮಾಧಾನಕ್ಕೆ ಇಂಜಿನ್ನಿನಿಂದ ಚಾಸಿಸ್‌ಗೆ ಇನ್ನೊಂದು ಅರ್ಥ್ ವೈರನ್ನೂ ಎಳೆದರು. ಮತ್ತೆ ಸೆಲ್ಫ್. ಮೀಟರಿನಲ್ಲಿ 0.1. ಮಹಡಿ ಅಂಗಡಿಯವರಿಗೆ ಫೋನ್ ಮಾಡಿ ಎರಡೂ ಅಂಕಿ ಹೇಳಿದೆ. ‘ಸರಿ, ಬುಧವಾರ ಬನ್ನಿ’ ಅಂದರು.

ನಮ್ಮ ಮೊದಲ ಪೆಟ್ಟಿಗೆಯನ್ನೇ ಅವರು ರಿಪೇರಿ ಮಾಡಿದ್ದರು. ಸುಟ್ಟ ಟ್ರ್ಯಾಕನ್ನು ಕೆರೆದು ತೆಗೆದು, ಅದರ ಜಾಗದಲ್ಲಿ ತಾಮ್ರದ ತಂತಿ ಬೆಸೆದು, ಅದರ ಪಕ್ಕದ ಎರಡು ಬಿಡಿಭಾಗ ಬದಲಾಯಿಸಿ, ಮೇಲೆ ಲೇಪನ ಹಚ್ಚಿದ್ದರು. ಬೆಂಚಿನ ಮೇಲೆ ಎರಡು ದಿನ ಕರೆಂಟು ಕೊಟ್ಟು ಪರೀಕ್ಷೆ ಮಾಡಿದ್ದರಂತೆ. 6,500. ಗಾಡಿಯ ನೆನಪು ಅದರಲ್ಲೇ ಇದ್ದುದರಿಂದ ಮತ್ತೆ ಕ್ಲೋನಿಂಗ್ ಬೇಕಾಗಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಅದೇ ಓಡುತ್ತಿದೆ. ಅಂದರೆ ಮೊದಲ ದಿನವೇ ಅರ್ಥನ್ನು ಸರಿಯಾಗಿ ನೋಡಿದ್ದರೆ ಇನ್ನೊಂದು ಪೆಟ್ಟಿಗೆ ಕೊಳ್ಳುವುದೇ ಬೇಕಿರಲಿಲ್ಲ.

ಅಪ್ಪ ಗಾಡಿಯ ಖರ್ಚನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಆ ರಾತ್ರಿ ತೆಗೆದು ನೋಡಿದೆ. ಬ್ಯಾಟರಿ 5,800. ಇಸಿಎಂ 17,000. ಕಾಪಿ 5,000. ರಿಪೇರಿ 6,500. ಒಟ್ಟು 34,300. ಬಾಡಿಗೆ ತಪ್ಪಿದ ದಿನಗಳ ಲೆಕ್ಕ, ಅವತ್ತಿನ ಟೊಮೆಟೊ ರೈತರಿಗೆ ಅಪ್ಪ ಬಾಡಿಗೆ ಬಿಟ್ಟುಕೊಟ್ಟದ್ದು ಇದರಲ್ಲಿಲ್ಲ. ಕೆಳಗೆ ಇನ್ನೊಂದು ಸಾಲು: ಬೋಲ್ಟ್, ಎಮೆರಿ, 60.

ನಾನು ಎರಡು ಸಂಜೆ ಕೂತು ಯೋಚಿಸಿ ಹಾಸ್ಟೆಲ್ ಹತ್ತಿರ ಪಿಯು ಹುಡುಗರಿಬ್ಬರಿಗೆ ಫಿಸಿಕ್ಸ್ ಟ್ಯೂಷನ್ ಹಿಡಿದೆ. ಬಡ್ಡಿ ದುಡ್ಡಿನ ಅಸಲು ಫೆಬ್ರುವರಿಗೆ ತೀರಿತು. ಅಪ್ಪನಿಗೆ ಮೊದಲ ಸಲ ದುಡ್ಡು ಕಳಿಸಿದಾಗ ‘ಯಾಕೆ?’ ಅಂದ. ‘ಅರ್ಥ್’ ಅಂದೆ. ಸುಮ್ಮನಾದ. ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದು ಅಷ್ಟೇ. ವಿದ್ಯುತ್ ಕರೆಂಟ್ ಪಾಠ ಬಂದಾಗ ಆ ಹುಡುಗರಿಗೆ ಬೀಪ್ ಕತೆ ಹೇಳಿದ್ದೇನೆ, ಪೇಂಟಿನ ಭಾಗ ಬಿಟ್ಟು.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದು, ಯಾರಾದರೂ ಇಸಿಎಂ ಹೋಗಿದೆ ಅಂದರೆ, ಅವರು ಹೇಳುವುದು ನಿಜವೇ ಇರಬಹುದು. ಆದರೂ ಪೆಟ್ಟಿಗೆಗೆ ದುಡ್ಡು ಕೊಡುವ ಮುಂಚೆ ಮುಚ್ಚಳ ತೆಗೆಸಿ ಎಲ್ಲಿ ಸುಟ್ಟಿದೆ ಅಂತ ಕೇಳಿ. ನೀರು ಹೋಗಿದ್ದರೆ ಪಿನ್ನುಗಳು ಹಸಿರುಗಟ್ಟಿರುತ್ತವೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿದ್ದರಾ ಅಂತ ನೆನಪು ಮಾಡಿಕೊಳ್ಳಿ. ಅರ್ಥನ್ನು ಸೆಲ್ಫ್ ಹೊಡೆಯುತ್ತಾ ನೋಡಿ, ಗಾಡಿ ಮಲಗಿರುವಾಗ ಅಲ್ಲ. ಹಿಂದಿನ ಆರು ತಿಂಗಳಲ್ಲಿ ಗಾಡಿಯ ಅಡಿಗೆ ಯಾರು ಹೋಗಿದ್ದರು ಅನ್ನುವುದನ್ನೂ ವಿಚಾರಿಸಿ. ನಿಮ್ಮ ಹೆಸರೇ ಬಂದರೆ ಗಾಬರಿಯಾಗಬೇಡಿ.

ಎರಡನೇ ಪೆಟ್ಟಿಗೆ ಈಗ ಹಾಸ್ಟೆಲ್ಲಿನ ನನ್ನ ಟೇಬಲ್ ಮೇಲೆ ಮುಚ್ಚಳವಿಲ್ಲದೆ ಕೂತಿದೆ. ರಜೆಯಲ್ಲಿ ಅದರ ಟ್ರ್ಯಾಕನ್ನು ನಾನೇ ಬೆಸೆದು ನೋಡಬೇಕು ಅಂತಿದ್ದೇನೆ. ರೆಸ್ಯೂಮೆಯ ಆ ಸಾಲನ್ನು ತೆಗೆದಿಲ್ಲ, ಯಾರಾದರೂ ಕೇಳಿದರೆ ಹೇಳಲು ಈಗ ಏನಾದರೂ ಇದೆ.

ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪ ಗಾಡಿ ತೊಳೆಯುತ್ತಿದ್ದ. ಪೈಪು ಹಿಡಿದುಕೊಂಡೇ, ‘ಅಕ್ಟೋಬರಿಗೆ ಮತ್ತೆ ಎಫ್‌ಸಿ ಬರ್ತದೆ’ ಅಂದ.

‘ಪೇಂಟರ್‌ನ ಕರೆಸ್ತೀಯಾ?’ ಅಂತ ಕೇಳಿದೆ.

‘ಅವ್ನಿಗ್ಯಾಕೆ ದುಡ್ಡು? ದಸರಾಗೆ ನೀನು ಬರ್ತೀಯಲ್ಲ’ ಅಂದು ಚಕ್ರದ ಕೆಸರಿಗೆ ನೀರು ಬಿಟ್ಟ.